ಊರು ಬಿಡಲು ಊರಿಗೆ ಬಂದವರು

ನಮ್ಮೂರು ನೀರಿಲ್ಲದೆ ಹಾಳಾಗಲಿಲ್ಲ, ನೀರು ಬಂದು ಹಾಳಾಯಿತು. ಹೊರಗಿನವರಿಗೆ ಇದನ್ನು ಹೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ತೆಲಸಂಗದ ಆಚೆಯ ಒಣಭೂಮಿ ಅಂದ ಕೂಡಲೇ ಅವರ ಕಣ್ಣಿಗೆ ಬಿರುಕು ಬಿಟ್ಟ ನೆಲ, ಬತ್ತಿದ ಬಾವಿ ಕಾಣಬೇಕು. ಅವೆಲ್ಲ ನಮ್ಮಲ್ಲೂ ಇದ್ದವು. ಆದರೆ ಅವು ಇದ್ದಾಗ ಊರು ತುಂಬಿತ್ತು. ಒಂದು ಕೊಡ ನೀರಿಗಾಗಿ ಇಡೀ ಊರು ಒಂದೇ ಬಾವಿಯ ಸುತ್ತ ನಿಂತು ಜಗಳಾಡುತ್ತಿತ್ತು. ಜಗಳಾಡಲಾದರೂ ಮಂದಿ ಬೇಕಲ್ಲ. ಆಮೇಲೆ ಕಾಲುವೆ ಬಂತು, ಹೊಲಹೊಲಕ್ಕೆ ಪೈಪು ಹೋಯಿತು, ಜೋಳ ಹೋಗಿ ಕಬ್ಬು ಬಂತು, ಕಬ್ಬಿನ ಹಿಂದೆ ದ್ರಾಕ್ಷಿ ಬಂತು. ಪಂಪಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆಂದು ಕರೆಂಟಿಗೇ ಗೊತ್ತಿರಲಿಲ್ಲವಾದ್ದರಿಂದ ಜನ ಹೊಲದಲ್ಲೇ ಮಲಗತೊಡಗಿದರು. ಮೊದಲು ಒಂದು ತಗಡಿನ ಶೆಡ್ಡು, ಆಮೇಲೆ ಎಮ್ಮೆಗೊಂದು ಗೋದಲಿ, ಆಮೇಲೆ ಸ್ಲ್ಯಾಬಿನ ಮನೆ, ಕೊನೆಗೆ ಮನೆಯ ಮುಂದೆ ತುಳಸಿಕಟ್ಟೆ. ತುಳಸಿಕಟ್ಟೆ ಎದ್ದಿತೆಂದರೆ ಆ ಮನೆಯವರು ಮತ್ತೆ ಊರಿಗೆ ಬರುವುದಿಲ್ಲ ಎಂಬುದು ನಾನು ಗಿರಣಿಯ ಬಾಗಿಲಲ್ಲಿ ಕೂತು ಕಲಿತ ವಿದ್ಯೆ.

ನಾನು ಆ ಊರಿನ ಹಿಟ್ಟಿನ ಗಿರಣಿಯವನು. ನನ್ನಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡಿ, ಬೆನ್ನು ಬಗ್ಗಿದ ಮೇಲೆ ಒಂದು ಹಳೆಯ ಇಂಜಿನ್ನನ್ನೂ ಎರಡು ಕಲ್ಲುಗಳನ್ನೂ ಲಾರಿಯಲ್ಲಿ ಹೇರಿಕೊಂಡು ಇಲ್ಲಿಗೆ ಬಂದ. ನಾನು ಹುಟ್ಟಿದ್ದು ಇಲ್ಲಿ, ಮದುವೆಯಾಗಿದ್ದು ಇಲ್ಲಿ, ಅಪ್ಪನನ್ನು ಮಣ್ಣು ಮಾಡಿದ್ದು ಇಲ್ಲಿ. ಆದರೂ ಊರಿನವರಿಗೆ ನಾವು ಕೊನೆಯತನಕ ‘ನಿಪ್ಪಾಣಿಯವರು’. ಮದುವೆಯ ಊಟಕ್ಕೆ ಕರೆಯುವಾಗ ನಮ್ಮ ನೆನಪು ಕೈತೊಳೆಯುವ ಹೊತ್ತಿಗೆ ಬರುತ್ತಿತ್ತು. ನಮಗೆ ಅಂಗೈಯಗಲ ಹೊಲವೂ ಇರಲಿಲ್ಲ. ಹೊಲವೇ ಇಲ್ಲದವನಿಗೆ ಹೊಲಕ್ಕೆ ಹೋಗಿ ಇರುವ ಭಾಗ್ಯ ಎಲ್ಲಿಂದ ಬರಬೇಕು? ಹೀಗಾಗಿ ಊರಿನವರೆಲ್ಲ ಊರು ಬಿಟ್ಟರು, ಹೊರಗಿನವರಾದ ನಾವು ಊರಲ್ಲಿ ಉಳಿದೆವು.

ಹೋಗುವವರು ಯಾರೂ ಹೇಳದೆ ಹೋಗಲಿಲ್ಲ. ತೋಟದ ಮನೆಗೆ ಸಾಮಾನು ಸಾಗಿಸುವ ಹಿಂದಿನ ದಿನ ಒಂದು ಚೀಲ ಜೋಳ ತಂದು ಬೀಸಿಸಿಕೊಂಡು, ಹಿಟ್ಟು ಬಿಸಿ ಇರುವಾಗಲೇ ಚೀಲದ ಬಾಯಿ ಕಟ್ಟುತ್ತಾ, ನನ್ನ ಮುಖ ನೋಡದೆ ಒಂದು ಮಾತು ಆಡುತ್ತಿದ್ದರು.

“ಊರಾಗ ಎಲ್ಲಾರೂ ಅದಾರಲ್ಲ ಕಾಕಾ. ನಾವೊಬ್ಬರ ಹೋದ್ರ ಏನ ಆಗತೈತಿ?”

“ಏನೂ ಆಗೂದಿಲ್ಲ ಬಿಡ್ರಿ,” ಅನ್ನುತ್ತಿದ್ದೆ.

ಗಿರಾಕಿಯೊಂದಿಗೆ ವಾದ ಮಾಡಬಾರದೆಂದು ಅಪ್ಪ ಕಲಿಸಿಕೊಟ್ಟಿದ್ದ. ಒಬ್ಬರಿಗೆ ಹೇಳಿದೆ, ಹತ್ತು ಮಂದಿಗೆ ಹೇಳಿದೆ, ಓಣಿ ಓಣಿಗಳಿಗೇ ಹೇಳಿದೆ. ಆ ಮಾತು ಆಡಿದವರೆಲ್ಲ ಒಟ್ಟಿಗೆ ಬಂದಿದ್ದರೆ ಬಹುಶಃ ಬೇರೆ ಉತ್ತರ ಕೊಡುತ್ತಿದ್ದೆನೋ ಏನೋ. ಒಬ್ಬೊಬ್ಬರೇ ಬಂದರು. ಈಗ ಯೋಚಿಸಿದರೆ ಊರನ್ನು ಸಾಗಹಾಕಿದವನು ನಾನೇ ಅನ್ನಿಸುತ್ತದೆ.

ಹೊಲವಿದ್ದವರ ಹಿಂದೆ ಹೊಲವಿಲ್ಲದವರೂ ಹೋದರು. ಕೂಲಿಯವರು ಒಡೆಯರ ತೋಟದ ಬದುವಿನಲ್ಲಿ ತಗಡು ನಿಲ್ಲಿಸಿಕೊಂಡರು. ಕ್ಷೌರದವನು ಕತ್ತರಿ ಕನ್ನಡಿಗಳನ್ನು ಬೈಕಿಗೆ ನೇತುಹಾಕಿಕೊಂಡು ತೋಟದಿಂದ ತೋಟಕ್ಕೆ ತಿರುಗತೊಡಗಿದ. ಮಸೀದಿ ಓಣಿಯ ದರ್ಜಿ ಮಷೀನನ್ನು ತೆಲಸಂಗದ ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಒಯ್ದ. ಮಕ್ಕಳಿಗೆ ತೋಟದಲ್ಲೇ ಶಾಲೆಯಾಯಿತು. ಊರು ಖಾಲಿಯಾದ ಸುದ್ದಿ ಮೇಲಿನವರಿಗೆ ತಡವಾಗಿ ಮುಟ್ಟಿತೋ, ಮುಟ್ಟಲೇ ಇಲ್ಲವೋ, ಆಮೇಲೆ ಶುರುವಾಯಿತು ನೋಡಿ ಅಭಿವೃದ್ಧಿ. ಓಣಿಗಳಿಗೆಲ್ಲ ಸಿಮೆಂಟಿನ ರಸ್ತೆ ಬಂತು. ತುಳಿಯುವವರಿಲ್ಲದ್ದರಿಂದ ಇವತ್ತಿಗೂ ಹೊಸದಾಗಿಯೇ ಇದೆ. ಊರ ಬಾಯಿಗೆ ಸುಸ್ವಾಗತದ ಕಮಾನು ಎದ್ದಿತು. ನಡುವಿನ ಬಯಲಲ್ಲಿ ಎತ್ತರದ ಕಂಬಕ್ಕೆ ದೊಡ್ಡ ದೀಪಗಳನ್ನು ಕಟ್ಟಿದರು. ಉದ್ಘಾಟನೆಯ ದಿನ ಉರಿದದ್ದೇ ಕೊನೆ. ಅಥಣಿಯ ಬಸ್ಸು ಮಾತ್ರ ನಿಯತ್ತಿನಿಂದ ದಿನಕ್ಕೆರಡು ಸಲ ಬಂದು, ಕಮಾನಿನ ಹತ್ತಿರ ಹೊರಳಿಕೊಂಡು, ಖಾಲಿಯೇ ಹೋಗುತ್ತಿತ್ತು. ಹೋಗುವಾಗ ಕಂಡಕ್ಟರು ನನ್ನ ಕಡೆ ಕೈ ಎತ್ತುತ್ತಿದ್ದ. ಪಾಪ, ಅವನಿಗೂ ಮಾತಾಡಿಸಲು ಒಬ್ಬರು ಬೇಕಿತ್ತು.

ನನಗೆ ಗಿರಣಿಯಾದರೂ ಇತ್ತು. ವಾರಕ್ಕೆರಡು ಸಲ ಯಾರಾದರೂ ಬೈಕಿನ ಮೇಲೆ ಜೋಳ ತರುತ್ತಿದ್ದರು. ತೋಟದ ಮನೆಗಳಿಗೆ ಕಪಾಟಿನಂಥ ಪುಟ್ಟ ಗಿರಣಿಗಳು ಬಂದ ಮೇಲೆ ಅದೂ ಕಡಿಮೆಯಾಯಿತು, ಆದರೂ ಕಲ್ಲು ತಿರುಗಿದಾಗ ನನಗೊಂದು ಸಪ್ಪಳ ಕೇಳಿಸುತ್ತಿತ್ತು. ನನ್ನ ಹೆಂಡತಿಗೆ ಅದೂ ಇರಲಿಲ್ಲ. ಒಬ್ಬಳೇ ಮಗಳು, ಅವಳನ್ನು ರಾಯಬಾಗಕ್ಕೆ ಕೊಟ್ಟಿದ್ದೆವು. ಇವಳಿಗೆ ಇದ್ದ ಜಗತ್ತೆಂದರೆ ಬಾಜೂ ಮನೆಯಾಕೆ, ಇವಳ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ. ಎರಡೂ ಮನೆಗಳಿಗೆ ನಡುವೆ ಒಂದೇ ಮಣ್ಣಿನ ಗೋಡೆ, ಆ ಗೋಡೆಯಲ್ಲಿ ಒಂದು ತಂಬಿಗೆ ಹಿಡಿಯುವಷ್ಟು ಕಿಂಡಿ. ಆ ಕಿಂಡಿಯಲ್ಲಿ ವರ್ಷಗಟ್ಟಲೆ ಮೊಸರು, ಕೊತ್ತಂಬರಿ, ಸೂಜಿ, ಚಾಡಿ, ಬೈಗುಳ, ಎಲ್ಲ ಹಾದುಹೋಗಿದ್ದವು. ವೈನಿಯೂ ತೋಟಕ್ಕೆ ಹೋಗಿ ಮೂರು ವರ್ಷವಾಗಿತ್ತು. ಹಾಳುಮನೆಯ ಗಾಳಿ ಈಚೆ ಬರುತ್ತದೆಂದು ಇವಳು ಕಿಂಡಿಗೆ ಹಳೆಯ ಸೀರೆಯ ತುಂಡು ತುರುಕಿದ್ದಳು.

ಒಂದು ದಿನ ಊಟಕ್ಕೆ ಬಡಿಸುತ್ತಾ ಕೇಳಿದಳು.

“ಇವತ್ತ ಮುಂಜಾನಿಂದ ನಾ ಯಾರ ಜೋಡಿ ಮಾತಾಡೇನಿ, ಗೊತ್ತೈತೇನ್ರಿ?”

“ಯಾರ ಜೋಡಿ?”

“ಆಡಿನ ಜೋಡಿ. ಅದೂ ಬ್ಯಾಸರಾಗಿ ಎದ್ದ ಹೋತು.”

ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಅಣ್ಣ ಐನಾಪುರದ ಪೇಟೆಯಲ್ಲಿ ಗಿರಣಿಗೆ ಆಗುವಂಥ ಒಂದು ಖೋಲಿ ಹಿಡಿದಿಟ್ಟು ಎಷ್ಟೋ ದಿನದಿಂದ ಕರೆಯುತ್ತಿದ್ದ. ನಾನು ಪ್ರತಿ ಸಲ ಅಮಾವಾಸ್ಯೆ ಆಗಲಿ, ಹಬ್ಬ ಆಗಲಿ ಎಂದು ದಾಟಿಸುತ್ತಿದ್ದೆ. ಅಪ್ಪ ತಂದು ಹೂಡಿದ ಕಲ್ಲನ್ನು ಕೀಳಲು ನನಗೆ ಮನಸ್ಸು ಬರುತ್ತಿರಲಿಲ್ಲ. ಈ ಸಲ ಅವಳು ರೊಟ್ಟಿಯ ಬುಟ್ಟಿ ಮುಚ್ಚಿಟ್ಟು, “ನೀವು ಬರ್ರಿ ಬಿಡ್ರಿ, ನಾ ಹೊಂಟೆ” ಅಂದಳು.

ಅದೇ ತಿಂಗಳು ಊರ ದೇವಿ ಲಕ್ಕವ್ವ ಬಾಯಿ ತೆರೆದಳು.

ಆ ವರ್ಷ ದನಗಳಿಗೆ ಮೈತುಂಬ ಗಂಟು ಏಳುವ ರೋಗ ಬಂದಿತ್ತು. ಅಕಾಲದ ಮಳೆಗೆ ದ್ರಾಕ್ಷಿ ಗೊನೆಯಲ್ಲೇ ಕೊಳೆತಿತ್ತು. ತೋಟದವರು ಔಷಧ ಹೊಡೆದರು, ಡಾಕ್ಟರನ್ನು ಕರೆಸಿದರು, ಕೊನೆಗೆ ದೇವಿ ನೆನಪಾದಳು. ಪೂಜಾರಿಯ ಅತ್ತಿಗೆಯ ಮೈಮೇಲೆ ಬಂದ ದೇವಿ ಹೇಳಿದ್ದು ಇಷ್ಟೇ: “ಹೇಳದ ಕೇಳದ ಹೋದ್ರಿ. ನನಗ ಯಾರ ಅದಾರ?” ನನ್ನ ಮಟ್ಟಿಗೆ ಇದರ ಅರ್ಥ ಸ್ಪಷ್ಟವಾಗಿತ್ತು. ಆದರೆ ನಾನು ನಿಪ್ಪಾಣಿಯವನು. ಊರಿನವರು ಕೂತು ಬೇರೆಯೇ ಅರ್ಥ ಮಾಡಿದರು: ಹೊರಬೀಡು ಮಾಡದೆ ಬಹಳ ವರ್ಷವಾಯಿತು, ಅದಕ್ಕೇ ಸಿಟ್ಟಾಗಿದ್ದಾಳೆ, ಹೊರಬೀಡು ಮಾಡಬೇಕು.

ಹೊರಬೀಡು ಅಂದರೆ ಇಡೀ ಊರು ಒಂದು ದಿನ ಊರು ಬಿಡುವುದು. ಹೊತ್ತು ಹುಟ್ಟುವ ಮುಂಚೆ ಒಲೆಯ ಬೆಂಕಿ ಆರಿಸಿ, ದೀಪ ಆರಿಸಿ, ದನ ಕರು ಕೋಳಿ ಬೆಕ್ಕು ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ ಅಡುಗೆ ಮಾಡಿ ಉಣ್ಣಬೇಕು. ದಾರಿಗಳಿಗೆ ಜಾಲಿಮುಳ್ಳು ಬಡಿಯುತ್ತಾರೆ. ಆ ದಿನ ಊರಲ್ಲಿ ದೇವಿ ಒಬ್ಬಳೇ ಓಡಾಡುತ್ತಾಳೆ, ಇದ್ದ ಪೀಡೆಯನ್ನೆಲ್ಲ ಗುಡಿಸುತ್ತಾಳೆ. ಹೊತ್ತು ಮುಳುಗಿದ ಮೇಲೆ ಪೂಜಾರಿ ಮುಳ್ಳು ಸರಿಸಿ ಗುಡಿಯಲ್ಲಿ ದೀಪ ಹಚ್ಚುತ್ತಾನೆ, ಆ ದೀಪದಿಂದ ಮನೆಮನೆಯವರು ಬೆಂಕಿ ಒಯ್ದು ಒಲೆ ಹೊತ್ತಿಸುತ್ತಾರೆ. ಊರು ಮತ್ತೆ ಹೊಸದಾಗಿ ಹೂಡಿತು ಎಂದು ಲೆಕ್ಕ.

ಹೇಳದೆ ಬಿಟ್ಟುಹೋದರು ಎಂದು ಮುನಿಸಿಕೊಂಡವಳನ್ನು ಸಮಾಧಾನ ಮಾಡಲು ಇನ್ನೊಮ್ಮೆ ಬಿಟ್ಟುಹೋಗುವ ಉಪಾಯ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ತೊಡಕು ಬಂದದ್ದು ಬೇರೆ ಕಡೆ. ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿದಾಗ ದ್ರಾಕ್ಷಿ ತೋಟದ ಮಾಜಿ ಮೆಂಬರ ಕೈ ಎತ್ತಿದ. ಪಂಚಾಯ್ತಿಯಿಂದ ಇಳಿದು ವರ್ಷಗಳಾಗಿದ್ದರೂ ಸಭೆಯಲ್ಲಿ ಕೈ ಎತ್ತುವ ಚಟ ಹೋಗಿರಲಿಲ್ಲ.

“ನಾವು ವರ್ಷಪೂರ್ತಿ ಊರ ಹೊರಗ ಅದೀವಿ. ಇನ್ನ ಬಿಡೂದ ಏನೈತಿ? ದಿನಾ ಹೊರಬೀಡನ ಅಲ್ಲೇನ್ರಿ ನಮ್ಮದು?”

ಪೂಜಾರಿ ಎಲೆಯಡಿಕೆ ಉಗುಳಿ ಬಂದು ಹೇಳಿದ. “ಊರ ಬಿಡಬೇಕಂದ್ರ ಮೊದಲ ಊರಾಗ ಇರಬೇಕಪಾ. ಇರಲಾರದವ ಏನ ಬಿಡ್ತಾನ?”

ಹಾಗಾದರೆ ಎಷ್ಟು ದಿನ ಇರಬೇಕು ಎಂದು ಕಟ್ಟೆಯ ಮೇಲಿನವರು ಕೇಳಿದರು. ಪೂಜಾರಿ ಐದು ವಾರ ಬಂದು ಇರಬೇಕೆಂದ. ಜನ ಮೂರು ದಿನ ಅಂದರು. ಎತ್ತಿನ ವ್ಯಾಪಾರದ ಹಾಗೆ ಜಗ್ಗಾಡಿ ಐದು ದಿನಕ್ಕೆ ಬಂದು ನಿಂತರು. ಮಂಗಳವಾರ ಹೊರಬೀಡು, ಅದಕ್ಕೆ ಮುಂಚಿನ ಐದು ದಿನ ಎಲ್ಲರೂ ತಮ್ಮ ತಮ್ಮ ಹಳೆಯ ಮನೆಯಲ್ಲಿ ಒಲೆ ಹೂಡಿ ಇರಬೇಕು, ಆ ಐದು ದಿನದ ರೊಟ್ಟಿಯ ಹಿಟ್ಟು ಊರ ಗಿರಣಿಯದೇ ಆಗಬೇಕು. ಕೊನೆಯ ಕಲಮು ಕೇಳಿ ನನಗೆ ಆ ಪೂಜಾರಿಯ ಕಾಲಿಗೆ ಬೀಳಬೇಕು ಅನ್ನಿಸಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ಐದ ದಿನ ಬಂದ ಇದ್ರಂದ್ರ ನಾಕ ಮಂದಿಗರ ಊರಿನ ರುಚಿ ಹತ್ತತೈತಿ ನೋಡು. ಹೊರಬೀಡಿನ ದಿನ ಸಂಜಿಕ ನಮ್ಮದ ಬಿಟ್ಟ ಇನ್ನೊಂದ ಮನ್ಯಾಗ ಒಲಿ ಹತ್ತಿತಂದ್ರ ಇಲ್ಲೇ ಇರೂಣು. ಇಲ್ಲಂದ್ರ ನೀ ಅಂದಂಗ ಐನಾಪುರ.”

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ಒಂದ ಮನಿ ಸಾಕ್ರಿ. ನನಗೇನ ಊರ ತುಂಬ ಬ್ಯಾಡ.”

ಅಲ್ಲಿಗೆ ಕರಾರಾಯಿತು. ಐನಾಪುರಕ್ಕೆ ಹೋಗಬೇಕೆಂದು ಹಟ ಹಿಡಿದವಳು ಅವಳು, ಆದರೆ ಮರುದಿನ ಬೆಳಗ್ಗೆ ನಾನು ನೋಡುವಾಗ ವೈನಿಯ ಮನೆಯ ಮುಂದಿನ ಕಸ ಗುಡಿಸುತ್ತಿದ್ದಳು. ನಾನು ಗಿರಣಿಯ ಕಲ್ಲು ಬಿಚ್ಚಿ, ಸವೆದ ಮೈಗೆ ಉಳಿ ಹೊಡೆದು ಹೊಸ ಹಲ್ಲು ಮೂಡಿಸಿದೆ.

ಗುರುವಾರ ಊರಿಗೆ ಊರು ಬಂತು. ಟ್ರ್ಯಾಕ್ಟರಿನಲ್ಲಿ ಹಾಸಿಗೆ, ಗ್ಯಾಸು, ಕೂಲರು, ಸೊಳ್ಳೆ ಹೊಡೆಯುವ ಬ್ಯಾಟು. ಮಾಜಿ ಮೆಂಬರ ಇನ್ವರ್ಟರನ್ನೂ ಹೇರಿಕೊಂಡು ಬಂದ. ಬೀಗಗಳು ತುಕ್ಕು ಹಿಡಿದಿದ್ದವು. ಕೀಲಿಕೈ ಎಲ್ಲಿಟ್ಟಿದ್ದೇವೆಂದು ಅರ್ಧ ಊರಿಗೆ ಗೊತ್ತಿರಲಿಲ್ಲ. ಜನ ಕಳ್ಳರ ಹಾಗೆ ತಮ್ಮ ಮನೆಯ ಬೀಗವನ್ನು ತಾವೇ ಕಲ್ಲಿನಿಂದ ಒಡೆದರು. ಒಬ್ಬನ ಪಡಸಾಲೆಯಲ್ಲಿ ಬೇವಿನ ಗಿಡ ಆಳೆತ್ತರ ಬೆಳೆದಿತ್ತು. ಅವನು ಅದನ್ನು ಕಡಿಯಲೂ ಮನಸ್ಸಿಲ್ಲದೆ ಅದರ ಕೆಳಗೇ ಹಾಸಿಗೆ ಹಾಸಿದ. ಇನ್ನೊಬ್ಬ ತನ್ನ ಮನೆ ಯಾವುದೆಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡ.

ಗಿರಣಿಯ ಮುಂದೆ ಸಾಲು ಹತ್ತಿತು. ಡಬ್ಬಿ, ಬುಟ್ಟಿ, ಚೀಲ. ಕಲ್ಲು ಬೆಳಗಿನಿಂದ ಹೊತ್ತು ಮುಳುಗುವ ತನಕ ತಿರುಗಿತು. ನನ್ನ ಹುಬ್ಬಿನ ಮೇಲೆ ಹಿಟ್ಟು ಕೂತು ಎಷ್ಟು ಕಾಲವಾಗಿತ್ತು. ಎರಡನೆಯ ದಿನ ಬಚ್ಚಲ ನೀರು ಹರಿಯುವ ದಾರಿಗಾಗಿ ಒಂದು ಜಗಳವಾಯಿತು. ಮೂರನೆಯ ದಿನ ಒಂದು ಗೇಣು ಗೋಡೆಗಾಗಿ ಇನ್ನೊಂದು. ಅಜ್ಜಂದಿರ ಕಾಲದ ಬೈಗುಳಗಳು ಮೂಲೆಯಿಂದ ಎದ್ದು ಬಂದವು. ನಾನು ಗಿರಣಿಯ ಬಾಗಿಲಲ್ಲಿ ನಿಂತು ಕೇಳಿದೆ, ಸುಳ್ಳೇಕೆ ಹೇಳಲಿ, ಸರಿಯಾಗಿ ಕೇಳಿಸಲಿ ಎಂದು ಕಲ್ಲನ್ನೂ ನಿಲ್ಲಿಸಿದೆ. ಊರು ಬದುಕಿದೆ ಅಂದುಕೊಂಡೆ.

ನನ್ನ ಹೆಂಡತಿ ಕಿಂಡಿಯ ಬಟ್ಟೆ ಕಿತ್ತೆಸೆದಿದ್ದಳು. ಬೆಳಗ್ಗೆ ಕಿಂಡಿಯಿಂದ ರೊಟ್ಟಿಗೆ ನೆಂಚುವ ಶೇಂಗಾ ಹಿಂಡಿ ಆಚೆ ಹೋಗುತ್ತಿತ್ತು, ಆಚೆಯಿಂದ ಮಜ್ಜಿಗೆ ಬರುತ್ತಿತ್ತು. ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೂತು ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಮೂರು ವರ್ಷದ ಮಾತು ಬಾಕಿ ಇತ್ತಲ್ಲ, ನನಗೆ ಊಟ ಸಿಕ್ಕಿದ್ದೇ ಹೆಚ್ಚು. ನಾಲ್ಕನೆಯ ದಿನ ಕಿಂಡಿಯಲ್ಲಿ ವೈನಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

“ತ್ವಾಟದಾಗ ನನಗೂ ಯಾರ ಅದಾರ ಯವ್ವಾ? ಕಬ್ಬಿನ ಗ್ವಾಡಿ ನೋಡಿ ನೋಡಿ ಕಣ್ಣ ಹೋಗ್ಯಾವ. ಹೊರಬೀಡು ಮುಗಿಸಿ ಬಂದ ಒಲಿ ಹಚ್ಚತೀನಿ, ಎಂಟ ದಿನ ಇದ್ದ ಹೋಗತೀನಿ.”

ಎಷ್ಟೋ ದಿನದ ಮೇಲೆ ಅಂದು ಹೆಂಡತಿ ಮಾಡಿದ ಸಾರಿಗೆ ಉಪ್ಪು ಸರಿಯಾಗಿತ್ತು.

ಸೋಮವಾರ ಸಂಜೆ ಪೂಜಾರಿ ನನ್ನನ್ನು ಕರೆಸಿದ. ನಾಳೆ ಎಲ್ಲರೂ ಹೊರಟ ಮೇಲೆ ಮನೆಮನೆಗೆ ಹೋಗಿ ಒಲೆ ಆರಿದೆಯೋ, ದೀಪದ ಸ್ವಿಚ್ಚು ಬಂದ್ ಆಗಿದೆಯೋ ನೋಡುವ ಕೆಲಸ ನನಗೆ ಬಿತ್ತು. “ನೀ ಊರಾಗ ಇರಾಂವ ಕಾಕಾ, ನಿನಗ ಎಲ್ಲಾ ಮನಿ ಗೊತ್ತು,” ಅಂದ. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ನಿಪ್ಪಾಣಿಯವನು ಅನ್ನದೆ ಊರಲ್ಲಿ ಇರುವವನು ಅಂದಿದ್ದರು. ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮಂಗಳವಾರ ನಸುಕಿನಲ್ಲಿ ಕರೆಂಟು ಇರಲಿಲ್ಲ. ಬ್ಯಾಟರಿ ಹಿಡಿದುಕೊಂಡು ಊರು ಹೊರಟಿತು. ಹಿಂದೆಲ್ಲ ಹೊರಬೀಡಿಗೆ ಹೊರಡುವಾಗ ಮುದುಕಿಯರು ಹೊಸ್ತಿಲು ಮುಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಯಾರೂ ಹೊಸ್ತಿಲು ಮುಟ್ಟಲಿಲ್ಲ. ಶಾಲೆ ಬಿಟ್ಟ ಮಕ್ಕಳ ಹಾಗೆ ಹೋದರು. ಗ್ಯಾಸು, ಕೂಲರು, ಇನ್ವರ್ಟರು, ಹಾಸಿಗೆ ಎಲ್ಲವೂ ಟ್ರ್ಯಾಕ್ಟರು ಹತ್ತಿದವು. ಒಂದು ದಿನಕ್ಕೆ ಹೋಗುವವರು ಹಾಸಿಗೆ ಯಾಕೆ ಒಯ್ಯುತ್ತಾರೆಂದು ನನಗೆ ಆಗ ಹೊಳೆಯಲಿಲ್ಲ. ನಾನು ದೊಡ್ಡ ಅಧಿಕಾರಿಯ ಹಾಗೆ ಬ್ಯಾಟರಿ ಹಿಡಿದು ಓಣಿ ಓಣಿ ಸುತ್ತಿದೆ. ಒಲೆಯ ಬೂದಿಗೆ ನೀರು ಚಿಮುಕಿಸಿದೆ, ಒಂದೊಂದು ಮನೆಯ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ನೋಡಿದೆ. ಕೊನೆಗೆ ಪೂಜಾರಿ ಮುಳ್ಳು ಬಡಿದ, ಕಾಯಿ ಒಡೆದ, ತನ್ನ ತೋಟದ ದಾರಿ ಹಿಡಿದ.

ಆಗ ನನಗೂ ಹೆಂಡತಿಗೂ ಒಂದು ಸಂಗತಿ ಹೊಳೆಯಿತು. ಎಲ್ಲರೂ ಹೋಗಿದ್ದು ಮನೆಗೆ. ನಿಜವಾಗಿ ಊರು ಬಿಟ್ಟವರು ನಾವಿಬ್ಬರೇ, ಮತ್ತು ನಮಗೆ ಹೋಗಲು ಜಾಗವಿರಲಿಲ್ಲ. ಊಟಕ್ಕೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ; ಗಿರಣಿ ಕಾಕಾನನ್ನು ಬೇರೆ ಯಾರೋ ಕರೆದಿರುತ್ತಾರೆ ಎಂದು ಒಬ್ಬೊಬ್ಬರೂ ತಿಳಿದಿದ್ದರು. ಆಡನ್ನು ಹಿಡಿದುಕೊಂಡು ಹಳ್ಳದ ದಂಡೆಯ ಹುಣಸೆಮರದ ಕೆಳಗೆ ಹೋಗಿ ಕೂತೆವು. ಕಟಕ ರೊಟ್ಟಿ, ಹಿಂಡಿ, ಮೊಸರು ಬಿಚ್ಚಿದೆವು. ಅಲ್ಲಿಂದ ದಿಬ್ಬದ ಮೇಲಿನ ಊರು ಪೂರ್ತಿ ಕಾಣುತ್ತಿತ್ತು.

“ದೇವಿ ಈಗ ಓಡಾಡಾಕತ್ತಿರಬೇಕು,” ಅಂದೆ.

“ಓಡಾಡಲಿ. ಅಕಿಗೂ ಬ್ಯಾಸರಾಗಿತ್ತು,” ಅಂದಳು.

ಅವಳು ಖುಷಿಯಲ್ಲಿದ್ದಳು. ವೈನಿ ಬಂದರೆ ಏನು ಅಡುಗೆ ಮಾಡುವುದು, ಎಂಟು ದಿನ ಹದಿನೈದು ದಿನ ಹೇಗಾಗಬೇಕು ಎಂದೆಲ್ಲ ಯೋಚಿಸಿ ಇಟ್ಟಿದ್ದಳು. ಇಡೀ ಮಧ್ಯಾಹ್ನ ಐನಾಪುರದ ಹೆಸರು ಎತ್ತಲಿಲ್ಲ. ಹೊತ್ತು ಮುಳುಗಿತು. ನಾವು ಎದ್ದು ಪೂಜಾರಿಯ ದಾರಿ ನೋಡುತ್ತಾ ನಿಂತೆವು. ತೋಟದ ದಾರಿಗಳಲ್ಲಿ ಒಂದು ಬೈಕಿನ ಸಪ್ಪಳವೂ ಇಲ್ಲ. ನಾನು ಅವಳ ಮುಖ ನೋಡದೆ ಆಡಿನ ಹಗ್ಗ ಸುತ್ತುತ್ತಿದ್ದೆ.

ಅಷ್ಟರಲ್ಲಿ ಊರಲ್ಲಿ ದೀಪ ಹತ್ತಿತು.

ಒಂದೇ ದೀಪ, ನಮ್ಮ ಓಣಿಯ ಕಡೆಗೆ. ಅವಳು ನನ್ನ ರಟ್ಟೆ ಹಿಡಿದಳು. “ವೈನಿ ಬಂದಾಳ್ರಿ. ಆ ಕಡಿ ದಾರಿಲೆ ಬಂದಾಳ.” ಪೂಜಾರಿ ಬರುವ ತನಕ ಕಾಯಬೇಕೆಂದು ನಾನು ಅನ್ನುವುದರೊಳಗೆ ಅವಳು ದಾರಿಯ ಮುಳ್ಳನ್ನು ಬರಿಗೈಯಲ್ಲಿ ಎಳೆದು ಹಾಕಿದ್ದಳು. ಐವತ್ತು ದಾಟಿದ ಹೆಂಗಸು, ಮೊಣಕಾಲು ನೋವಿನವಳು, ಆ ದಿಬ್ಬವನ್ನು ಓಡುತ್ತಾ ಹತ್ತಿದಳು. ನಾನು ಆಡು ಎಳೆದುಕೊಂಡು ಹಿಂದೆ ಹಿಂದೆ ಓಡಿದೆ. ಗೆದ್ದೆ, ಗಿರಣಿ ಉಳಿಯಿತು ಎಂದು ನನ್ನ ಜೀವ ಕುಣಿಯುತ್ತಿತ್ತು.

ಓಣಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಿದ್ದಳು. ವೈನಿಯ ಮನೆ ಕತ್ತಲಲ್ಲಿ ಬಾಗಿಲು ಮುಚ್ಚಿಕೊಂಡು ಇತ್ತು. ಉರಿಯುತ್ತಿದ್ದದ್ದು ನಮ್ಮ ಗಿರಣಿಯ ಬಾಗಿಲ ಮೇಲಿನ ಬಲ್ಬು. ಇಡೀ ಊರಿನ ಸ್ವಿಚ್ಚು ನೋಡಿದ ನಾನು ನನ್ನ ಮನೆಯದನ್ನು ನೋಡಿರಲಿಲ್ಲ. ಬೆಳಗ್ಗೆ ಕರೆಂಟಿಲ್ಲದೆ ತಿಳಿದಿರಲಿಲ್ಲ. ಸಂಜೆ ಕರೆಂಟು ಬಂತು, ಹತ್ತಿತು.

ಅವಳು ಕಟ್ಟೆಯ ಮೇಲೆ ಕೂತು ಅಂಗೈಯ ಮುಳ್ಳು ಕೀಳತೊಡಗಿದಳು. ಬೈಯುತ್ತಾಳೆ ಅಂದುಕೊಂಡೆ. “ಪಾಪ, ದೇವಿಗೂ ಮೋಸ ಆತು ನೋಡ್ರಿ,” ಅಂದಳು. “ಯಾರರ ಅದಾರಂತ ಅಕಿನೂ ಓಡಿ ಬಂದಿರತಾಳ.”

ಆಗ ಫೋನು ಬಡಿಯಿತು. ವೈನಿ.

“ಕಾಕಾ, ಊರಾಗ ದೀಪ ಕಾಣಾಕತ್ತೈತಿ ನಮ್ಮ ಮಾಳಗಿ ಮ್ಯಾಲಿಂದ. ಯಾರ ಬಂದಾರ?”

ನಾನು ನಿಜ ಹೇಳಲು ಬಾಯಿ ತೆರೆದಿದ್ದೆ. ಹೆಂಡತಿ ಫೋನು ಕಸಿದುಕೊಂಡಳು.

“ಎಲ್ಲಾರೂ ಬಂದಾರ್ರಿ ವೈನಿ. ಓಣಿ ತುಂಬ ಒಲಿ ಹತ್ಯಾವ. ನೀವೊಬ್ಬರ ಬಾಕಿ.”

ಆ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ನಾನೇ ಒಂದು ಗಳಿಗೆ ಓಣಿಯ ಕಡೆ ನೋಡಿದೆ. ಇನ್ನು ವೈನಿ ನಾಚಿಕೊಂಡು ಬಂದೇ ಬರುತ್ತಾಳೆ ಎಂದು ಅವಳ ಲೆಕ್ಕ. ಆಚೆಯಿಂದ ವೈನಿ ನಿರಾಳವಾಗಿ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

“ಎಲ್ಲಾರೂ ಬಂದಾರಾ? ಹಂಗಾದ್ರ ಚಲೋ ಆತು ಬಿಡ ಯವ್ವಾ. ಇಲ್ಲಿ ಎಮ್ಮಿ ಈಯಾಕ ಆಗೇತಿ. ಊರಾಗ ಎಲ್ಲಾರೂ ಅದಾರಂದ ಮ್ಯಾಲ ನಾವೊಬ್ಬರ ಬರಲಿಲ್ಲಂದ್ರ ಏನ ಆಗತೈತಿ?”

ಆಮೇಲೆ ಪೂಜಾರಿಯ ಫೋನು, ಆಮೇಲೆ ಮಾಜಿ ಮೆಂಬರನದು. ಇಬ್ಬರಿಗೂ ದೀಪ ಕಂಡಿತ್ತು, ಇಬ್ಬರಿಗೂ ಸಮಾಧಾನವಾಗಿತ್ತು. ದೀಪ ಹತ್ತಿದೆಯೆಂದರೆ ಯಾರೋ ಮುಳ್ಳು ತೆಗೆದಿದ್ದಾರೆ, ಗುಡಿಯ ದೀಪವನ್ನೂ ಅವರೇ ಹಚ್ಚಿರುತ್ತಾರೆ ಎಂದು ಪೂಜಾರಿ. ಹೆಂಡತಿ ಇಬ್ಬರಿಗೂ ಅದೇ ಹೇಳಿದಳು: ಎಲ್ಲಾರೂ ಬಂದಾರ, ನೀವೊಬ್ಬರ ಬಾಕಿ. ಇಬ್ಬರೂ ಅದೇ ಉತ್ತರ ಕೊಟ್ಟರು. ಅಂದು ಸಂಜೆ ತೋಟತೋಟದ ಮಾಳಿಗೆಯ ಮೇಲೆ ನಿಂತು ಇಡೀ ಊರು ನನ್ನ ಒಂದು ಬಲ್ಬನ್ನು ನೋಡಿತು. ಉಳಿದವರೆಲ್ಲ ಮರಳಿದ್ದಾರೆ ಎಂದು ಪ್ರತಿಯೊಂದು ಮನೆಯೂ ನಂಬಿ ಊಟಕ್ಕೆ ಕೂತಿತು.

ಗುಡಿಗೆ ಹೋಗಿ ದೀಪ ಹಚ್ಚಿದವನು ನಾನು, ನಿಪ್ಪಾಣಿಯವನು. ಆ ದೀಪದಿಂದ ಬೆಂಕಿ ತಂದು ಅವಳು ಒಲೆ ಹೊತ್ತಿಸಿದಳು. ದೊಡ್ಡ ಪಾತ್ರೆಯಲ್ಲಿ ಚಹಕ್ಕೆ ನೀರಿಟ್ಟಳು, ಆರೇಳು ಮಂದಿಗೆ ಆಗುವಷ್ಟು. ಅದು ಕುದಿದು ಕುದಿದು ಕಪ್ಪಾಯಿತು. ಇಬ್ಬರೂ ಒಂದೊಂದು ಕಪ್ಪು ಕುಡಿದೆವು. ಉಳಿದದ್ದನ್ನು ಚೆಲ್ಲಿ ಬಂದು ಅವಳು ಕಿಂಡಿಯ ಮುಂದೆ ನಿಂತಳು. ಕೆಳಗೆ ಬಿದ್ದಿದ್ದ ಸೀರೆಯ ತುಂಡನ್ನು ಎತ್ತಿ, ಕೊಡವಿ, ಮತ್ತೆ ಕಿಂಡಿಗೆ ತುರುಕಿದಳು. ಬೆಳಗ್ಗೆ ಎದ್ದು ಐನಾಪುರಕ್ಕೆಂದು ಗಿರಣಿಯ ಬೆಲ್ಟು ಬಿಚ್ಚಿದೆ.

ವಾರದೊಳಗೆ ಅವಳ ಅಣ್ಣ ಟೆಂಪೋ ಕಳಿಸಿದ. ಕಲ್ಲು, ಮೋಟರು, ಡಬ್ಬಿಗಳು, ಆಡು, ಎಲ್ಲ ಹತ್ತಿದವು. ಬಲ್ಬಿನ ಸ್ವಿಚ್ಚನ್ನು ಈ ಸಲ ಎರಡು ಸಲ ಮುಟ್ಟಿ ನೋಡಿದೆ. ಟೆಂಪೋ ಕಮಾನಿನ ಹತ್ತಿರ ಬಂದಾಗ ಅವಳು ನಿಲ್ಲಿಸಲು ಹೇಳಿ, ಇಳಿದು, ನನ್ನನ್ನೂ ಕರೆದುಕೊಂಡು ಲಕ್ಕವ್ವನ ಗುಡಿಗೆ ನಡೆದಳು.

“ಯವ್ವಾ, ಎಲ್ಲಾರೂ ಹೇಳದ ಹ್ವಾದ್ರಂತ ಸಿಟ್ಟಾಗಿದ್ದಿ,” ಎಂದು ಕೈಮುಗಿದಳು. “ನಾವು ಹೇಳಿ ಹೊಂಟೀವಿ ನೋಡು.” ನನ್ನ ಕಡೆ ತಿರುಗಿ, “ನೀವೂ ಹೇಳ್ರಿ” ಅಂದಳು.

ನಾನು ಕೈಮುಗಿದು ನಿಂತೆ. ಬಾಯಿಗೆ ಬಂದದ್ದು ಗಿರಣಿಯ ಬಾಗಿಲಲ್ಲಿ ಅಷ್ಟು ವರ್ಷ ಕೇಳಿದ ಅದೇ ಮಾತು. ‘ಊರಾಗ ಎಲ್ಲಾರೂ ಅದಾರಲ್ಲ’ ಅನ್ನುವ ಹಾಗಿರಲಿಲ್ಲ. ‘ನಾವೊಬ್ಬರ ಹೋದ್ರ ಏನ ಆಗತೈತಿ’ ಎಂಬಷ್ಟನ್ನೇ ಕೇಳಿದೆ. ‘ಏನೂ ಆಗೂದಿಲ್ಲ ಬಿಡ್ರಿ’ ಎಂದು ಹೇಳಲು ಅಲ್ಲಿ ಗಿರಣಿಯವನು ಇರಲಿಲ್ಲ.